ಬಾಕಿ ಬೇರೆ, ಚುಕ್ತಾ ಬೇರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯ ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸಿ ನೋಡು ಎಂಬ ಮಾತನ್ನೂ ಇದಕ್ಕೆ ಸೇರಿಸಬಹುದೆಂದು 2023ರ ಡಿಸೆಂಬರಿನಲ್ಲಿ ನನಗೆ ತೋರಿತು. ತರಗತಿಯಲ್ಲಿ ಬಡ್ಡಿಯ ಸಿದ್ಧಾಂತಗಳನ್ನು ಕಲಿಯುವ ನಾವು, ಮನೆಗೆ ಬಂದ ಬ್ಯಾಂಕಿನ ಕಾಗದವನ್ನು ಓದಲಾರದೆ ಹೋದರೆ ಆ ಕಲಿಕೆಯಿಂದ ಫಲವೇನು? ಆದುದರಿಂದ ನಮ್ಮ ಮನೆಯ ಲೆಕ್ಕವನ್ನೇ ಇಲ್ಲಿ ಮುಂದಿಡುತ್ತೇನೆ. ತಿಳಿಯಲು ಸುಲಭವಾಗಲೆಂದು ಬಿಡಿ ಅಂಕಿಗಳನ್ನು ಬಿಟ್ಟಿದ್ದೇನೆ.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರ ಗೃಹಸಾಲಕ್ಕೆ ನೂರಕ್ಕೆ 9ರಂತೆ ಬಡ್ಡಿ ನಡೆಯುತ್ತಿತ್ತು. ಇನ್ನೊಂದು ಬ್ಯಾಂಕು 8.5ಕ್ಕೆ ಕೊಡಲು ಒಪ್ಪಿತು. ಡಿಸೆಂಬರ್ 5ರ ಕಂತು ಕಟ್ಟಿದ ಮೇಲೆ ಉಳಿದ ಅಸಲು 18,00,000 ರೂಪಾಯಿ. ಆದರೆ ಸಾಲವನ್ನು ಪೂರ್ತಿ ತೀರಿಸಲು ಎಷ್ಟು ಬೇಕೆಂದು ಕೇಳಿದಾಗ ಹಳೆಯ ಬ್ಯಾಂಕು ಕೊಟ್ಟ ಪತ್ರದಲ್ಲಿ 18,07,545 ರೂಪಾಯಿ ಎಂದಿತ್ತು.

“ನೋಡಪ್ಪಾ, ಮೊನ್ನೆ ತಾನೆ ಕಂತು ಕಟ್ಟಿದ್ದೇನೆ. ಬಿಟ್ಟು ಹೋಗುವವನಿಗೆ ಏಳೂವರೆ ಸಾವಿರ ದಂಡ ಹಾಕಿದ್ದಾರೆ. ಈ ಸಹವಾಸವೇ ಬೇಡ,” ಎಂದು ತಂದೆಯವರು ಆ ಪತ್ರವನ್ನು ಮಡಚಿಟ್ಟರು.

ನಾನು ಅದನ್ನು ಬಿಡಿಸಿ ಓದಿದೆ. ಮೊತ್ತದ ಕೆಳಗೆ “ಡಿಸೆಂಬರ್ 22ರವರೆಗೆ” ಎಂಬ ಸಣ್ಣ ಸಾಲೊಂದಿತ್ತು. ಗುಟ್ಟು ಇದ್ದುದು ಅಲ್ಲಿಯೇ. ಮನೆ ಬಾಡಿಗೆಯನ್ನು ಎಷ್ಟೋ ಕಡೆ ತಿಂಗಳ ಮೊದಲಲ್ಲೇ ಕೊಡುತ್ತೇವೆ. ಸಾಲದ ಬಡ್ಡಿಯಾದರೋ ದಿನಗಳು ಕಳೆದ ಮೇಲೆ ಕೊಡತಕ್ಕದ್ದು. 5ನೆಯ ತಾರೀಖಿನ ಕಂತು ಹಿಂದಿನ ತಿಂಗಳ ಬಡ್ಡಿಯನ್ನು ತೀರಿಸಿತೇ ಹೊರತು ಮುಂದಿನದನ್ನಲ್ಲ. 18,00,000ಕ್ಕೆ ನೂರಕ್ಕೆ 9ರಂತೆ ವರ್ಷಕ್ಕೆ 1,62,000 ಬಡ್ಡಿ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 444 ರೂಪಾಯಿ. 5ರಿಂದ 22ರವರೆಗೆ ಹದಿನೇಳು ದಿನಗಳಿಗೆ 7,545 ರೂಪಾಯಿ. ಲೆಕ್ಕ ಸರಿಹೋಯಿತು.

ಹಾಗಾದರೆ ಇದು ಸಾಲ ಬದಲಿಸಿದ್ದರಿಂದ ಬಂದ ನಷ್ಟವೇ? ಅಲ್ಲ. ಅಲ್ಲೇ ಉಳಿದಿದ್ದರೂ ಈ ಹಣ ಜನವರಿಯ ಕಂತಿನೊಳಗೆ ಸೇರಿ ಹೋಗುತ್ತಿತ್ತು. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಂದ ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ಬದಲಾವಣೆಯ ನಿಜವಾದ ಖರ್ಚುಗಳು ಬೇರೆ: ಹೊಸ ಬ್ಯಾಂಕಿನ ಅರ್ಜಿ ಶುಲ್ಕ, ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ, ಅಡಮಾನ ಪತ್ರದ ಮುದ್ರಾಂಕ ಶುಲ್ಕ. ಅರ್ಧ ಶೇಕಡಾ ಇಳಿದರೆ ಮೊದಲ ವರ್ಷ ಉಳಿಯುವುದು ಸುಮಾರು 9,000 ರೂಪಾಯಿ. ತೂಗಿ ನೋಡಬೇಕಾದದ್ದು ಈ ಎರಡನ್ನು. ತಂದೆಯವರು ಒಪ್ಪಿದರು.

ಆದರೆ ಅಷ್ಟು ಲೆಕ್ಕ ಬಲ್ಲ ನಾನೂ ಒಂದು ಕಡೆ ಎಡವಿದೆ. ಹೊಸ ಬ್ಯಾಂಕು 22ರ ಶುಕ್ರವಾರ ಪತ್ರದಲ್ಲಿದ್ದಷ್ಟೇ ಮೊತ್ತಕ್ಕೆ ಡ್ರಾಫ್ಟ್ ಬರೆದು ಸಂಜೆ ಕೈಗಿತ್ತಿತು. ಮರುದಿನ ನಾಲ್ಕನೆಯ ಶನಿವಾರ, ಅದರ ಮರುದಿನ ಭಾನುವಾರ, ಸೋಮವಾರ ಕ್ರಿಸ್ಮಸ್. ಮಂಗಳವಾರ ಹೋದರೆ, “ನಾಲ್ಕು ದಿನದ ಬಡ್ಡಿ 1,775 ಕಡಿಮೆಯಿದೆ ಮೇಷ್ಟ್ರೇ, ಖಾತೆ ಮುಚ್ಚಲಾಗದು,” ಎಂದರು ಗುಮಾಸ್ತರು. ಖಾತೆ ಮುಚ್ಚದೆ ಮನೆಯ ಪತ್ರಗಳು ಹೊರಬರುವಂತಿಲ್ಲ. ಪತ್ರಗಳಿಲ್ಲದೆ ಹೊಸ ಬ್ಯಾಂಕಿಗೆ ಸಮಾಧಾನವಿಲ್ಲ. ಡ್ರಾಫ್ಟ್ ಬರೆದ ದಿನದಿಂದಲೇ ಹೊಸ ಸಾಲಕ್ಕೂ ದಿನಕ್ಕೆ ಸುಮಾರು 421 ರೂಪಾಯಿಯಂತೆ ಬಡ್ಡಿ ಹತ್ತಿತ್ತು. ಒಂದೇ ಮನೆಗೆ ನಾಲ್ಕು ದಿನ ಎರಡು ಕಡೆ ಬಡ್ಡಿ! ತಂದೆಯವರು ಅಂದೇ ತಮ್ಮ ಉಳಿತಾಯ ಖಾತೆಯಿಂದ ಹಣ ತೆಗೆದು ಕಟ್ಟಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಹೀಗಾಗದಂತೆ ಮಾಡಬೇಕಾದದ್ದು ಇಷ್ಟೆ. ಪತ್ರ ಪಡೆಯುವಾಗಲೇ ಅದು ಯಾವ ದಿನದವರೆಗಿನ ಲೆಕ್ಕ, ಆಮೇಲೆ ದಿನವೊಂದಕ್ಕೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಬೇಕು. ರಜಾದಿನಗಳನ್ನು ನೋಡಿ ದಿನ ಗೊತ್ತುಮಾಡಬೇಕು. ನಡುವೆ ಕಂತು ತಾನಾಗಿ ಕಡಿತವಾಗುವುದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ವಿಚಾರಿಸಬೇಕು. ತೀರಿಸಿದ ಮೇಲೆ ಬಾಕಿಯಿಲ್ಲವೆಂಬ ಪತ್ರವನ್ನು ತಪ್ಪದೆ ಪಡೆಯಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಬಿಟ್ಟುಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮವು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಬಾಕಿ ಎಂಬುದು ಕಳೆದ ದಿನದ ಅಂಕಿ. ಚುಕ್ತಾ ಎಂಬುದು ಹಣ ಕೈಸೇರುವ ದಿನದ ಅಂಕಿ. ಈಗ ಬ್ಯಾಂಕಿನಿಂದ ಯಾವ ಕಾಗದ ಬಂದರೂ ತಂದೆಯವರು ಮೊತ್ತಕ್ಕಿಂತ ಮೊದಲು ತಾರೀಖಿನ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಎಳೆಯುತ್ತಾರೆ.