ಆಲಿವ್ ರಿಡ್ಲಿ: ಲಕ್ಷಗಟ್ಟಲೆ ದಡಕ್ಕೆ ಬರುವ ಕಡಲಾಮೆ

ಆಲಿವ್ ರಿಡ್ಲಿ ತೀರಾ ಚಿಕ್ಕ ಕಡಲಾಮೆಗಳಲ್ಲೊಂದು. ಹಸಿರು ಛಾಯೆಯ ಬೂದು ಚಿಪ್ಪು ಸುಮಾರು 60ರಿಂದ 70 ಸೆಂಟಿಮೀಟರ್ ಉದ್ದ. ತೂಕ 50 ಕಿಲೋ ದಾಟುವುದು ಅಪರೂಪ. ಏಡಿ, ಸಿಗಡಿ, ಜೆಲ್ಲಿ ಮೀನು ಇದರ ಆಹಾರ. ಬದುಕೆಲ್ಲ ನೀರಿನಲ್ಲೇ. ಹೆಣ್ಣು ಮಾತ್ರ ಮೊಟ್ಟೆಯಿಡಲು ದಡ ಹತ್ತುತ್ತದೆ.

ಒಡಿಶಾದ ಗಹಿರ್ಮಠ ಮತ್ತು ಋಷಿಕುಲ್ಯಾ ನದಿಯ ಅಳಿವೆಯಲ್ಲಿ ಕೆಲವು ವರ್ಷ ಕೆಲವೇ ದಿನಗಳೊಳಗೆ ಲಕ್ಷಾಂತರ ಹೆಣ್ಣಾಮೆಗಳು ದಡಕ್ಕೆ ಬರುತ್ತವೆ. ಕೆಲವು ವರ್ಷ ಈ ಸಾಮೂಹಿಕ ಆಗಮನ ನಡೆಯುವುದೇ ಇಲ್ಲ. ಹಿಂಗಾಲುಗಳಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯನ್ನೇ ಅತ್ತಿತ್ತ ಕುಟ್ಟಿ ಗಟ್ಟಿಮಾಡಿ ತಾಯಿ ಕಡಲಿಗೆ ಮರಳುತ್ತದೆ. ಮರಿಗಳ ಮುಖ ಅದು ನೋಡುವುದಿಲ್ಲ. ಕಾವು ಕೊಡುವುದು ಬಿಸಿ ಮರಳು. ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದೂ ಅದೇ. ಶಾಖ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು. ಭೂಮಿ ಬಿಸಿಯೇರುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಆತಂಕವಲ್ಲ.

ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಹೆಚ್ಚಾಗಿ ರಾತ್ರಿಯಲ್ಲೇ ಹೊರಬಂದು, ಬೆಳಕಾಗಿ ಕಾಣುವ ದಿಗಂತದತ್ತ ಓಡುತ್ತವೆ. ದಡದ ವಿದ್ಯುತ್ ದೀಪಗಳಿಂದ ದಾರಿ ತಪ್ಪಿದವು ನಾಯಿ, ಕಾಗೆಗಳ ಪಾಲು.

ದೊಡ್ಡ ಆಮೆಗೆ ದೊಡ್ಡ ಅಪಾಯ ಟ್ರಾಲರ್ ಬಲೆ. ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ ಇದು. ಬಲೆಯೊಳಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಪ್ರತಿವರ್ಷ ಸಾವಿರಾರು ಕಳೇಬರಗಳು ಒಡಿಶಾದ ದಡಕ್ಕೆ ಬಂದು ಬೀಳುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯ ರಕ್ಷಣೆ ಇದಕ್ಕಿದೆ. 1997ರಲ್ಲಿ ಗಹಿರ್ಮಠ ಸಾಗರ ಅಭಯಾರಣ್ಯವಾಯಿತು. ನವೆಂಬರ್‌ನಿಂದ ಮೇ ತನಕ ಗೂಡುತಾಣಗಳ ಬಳಿಯ ಕಡಲಿನಲ್ಲಿ ಮೀನುಗಾರಿಕೆಗೆ ನಿಷೇಧವಿದೆ. ಆಮೆ ನುಸುಳಿ ಪಾರಾಗುವ ಕಿಂಡಿಯನ್ನು ಬಲೆಗೆ ಅಳವಡಿಸುವುದು ಸರಳ ಉಪಾಯ. ಆದರೆ ಒಂದಿಷ್ಟು ಮೀನೂ ಜಾರಿಹೋಗುತ್ತದೆಂದು ಮೀನುಗಾರರು ಹಿಂಜರಿಯುತ್ತಾರೆ. ಆ ನಷ್ಟವನ್ನು ತುಂಬಿಕೊಡದೆ ಕಾನೂನು ಒಂದರಿಂದಲೇ ಕೆಲಸ ಸಾಗದು.

2021ರಲ್ಲಿ ಒಡಿಶಾದಲ್ಲಿ ಗುರುತುಪಟ್ಟಿ ಹಾಕಿದ್ದ ಆಮೆಯೊಂದು 2025ರಲ್ಲಿ ಮಹಾರಾಷ್ಟ್ರದ ಗುಹಾಗರ್‌ನಲ್ಲಿ ಮೊಟ್ಟೆಯಿಟ್ಟಿತು. ಎರಡು ಕರಾವಳಿಗಳ ಆಮೆಗಳ ನಡುವೆ ಒಡನಾಟ ಇದೆ ಎಂಬುದಕ್ಕೆ ಇದು ಪುರಾವೆ. ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಮುಂತಾದ ಕನ್ನಡ ಕರಾವಳಿಯ ದಡಗಳಿಗೂ ಆಲಿವ್ ರಿಡ್ಲಿಗಳು ಒಂಟಿಯಾಗಿ ಬರುತ್ತವೆ. ಇಲ್ಲಿನ ಗೂಡುಗಳನ್ನು ಉಳಿಸುವುದರಲ್ಲಿ ಸ್ಥಳೀಯ ಮೀನುಗಾರರ ಪಾತ್ರ ದೊಡ್ಡದು. ರಾತ್ರಿ ದಡದಲ್ಲಿ ಆಮೆ ಕಂಡರೆ ಟಾರ್ಚ್ ಹಾಕದೆ, ಫೋಟೊಗೆ ಮುತ್ತದೆ, ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು.