ಗೆರ್ಡಾಳ ಎದೆಗಾರಿಕೆ

ಡೆನ್ಮಾರ್ಕಿನ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ (1805-1875) ‘ಹಿಮರಾಣಿ’ ಪ್ರಕಟವಾದುದು 1844ರ ಡಿಸೆಂಬರಿನಲ್ಲಿ. ಏಳು ಭಾಗಗಳಾಗಿ ಹರಿಯುವ ಈ ನೀಳ್ಗತೆಯ ವಸ್ತು ನೆರೆಮನೆಯ ಇಬ್ಬರು ಮಕ್ಕಳ ಸ್ನೇಹ. ಇದನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಎದುರಾಗುವ ನಿಜವಾದ ತೊಡಕು ಹಿಮದ್ದಲ್ಲ, ಹಿಮಸಾರಂಗದ್ದೂ ಅಲ್ಲ. ಧೈರ್ಯವೆಂಬುದನ್ನು ಯಾವ ಮಾತಿನಿಂದ ಕರೆಯಬೇಕೆಂಬುದು. ಪೌರುಷ, ಗಂಡೆದೆ, ಗಂಡುಗಲಿ, ಗಂಡುಮೆಟ್ಟು: ಕೆಚ್ಚನ್ನು ಕೊಂಡಾಡುವ ಕನ್ನಡದ ಮಾತುಗಳಲ್ಲಿ ಹಲವು ಗಂಡಸಿನ ಹೆಸರನ್ನೇ ಹೊತ್ತಿವೆ. ಈ ಕಥೆಯಲ್ಲಿ ಧೈರ್ಯ ತೋರುವವಳಾದರೋ ಒಬ್ಬ ಹುಡುಗಿ.

ಒಳ್ಳೆಯದನ್ನು ಕುಗ್ಗಿಸಿ ಕೆಟ್ಟದ್ದನ್ನು ಹಿಗ್ಗಿಸಿ ತೋರುವ ಪಿಶಾಚಿಯ ಕನ್ನಡಿಯೊಂದು ಒಡೆದು, ಅದರ ಚೂರುಗಳು ಲೋಕದಲ್ಲೆಲ್ಲ ಹರಡಿವೆ. ಕಾಯ್ ಎಂಬ ಹುಡುಗನ ಎದೆಗೊಂದು, ಕಣ್ಣಿಗೊಂದು ಚೂರು ಹೊಗುತ್ತದೆ. ಅಂದಿನಿಂದ ಅವನು ಅಜ್ಜಿಯನ್ನು ಅಣಕಿಸುತ್ತಾನೆ, ಗೆಳತಿ ಗೆರ್ಡಾಳನ್ನು ಗೇಲಿಮಾಡುತ್ತಾನೆ. ನಿಜವಾದ ಹೂವಿಗಿಂತ ಭೂತಗನ್ನಡಿಯಲ್ಲಿ ಕಂಡ ಹಿಮದ ಹಳುಕೇ ಅವನಿಗೆ ಚೆಂದ. ಚಳಿಗಾಲದಲ್ಲೊಂದು ದಿನ ತನ್ನ ಪುಟ್ಟ ಜಾರುಬಂಡಿಯನ್ನು ಹಿಮರಾಣಿಯ ಬಂಡಿಗೆ ಕಟ್ಟಿಕೊಂಡು ಹೋದವನು ಹಿಂದಿರುಗುವುದಿಲ್ಲ. ದಾರಿಯಲ್ಲಿ ಹೆದರಿ ಪ್ರಾರ್ಥನೆ ಹೇಳಿಕೊಳ್ಳಹೋದರೆ ನೆನಪಿಗೆ ಬರುವುದು ಮಗ್ಗಿ ಮಾತ್ರ. ವಸಂತ ಬಂದಾಗ ಗೆರ್ಡಾ ತನ್ನ ಹೊಸ ಕೆಂಪು ಜೋಡುಗಳನ್ನು ಹೊಳೆಗೆ ಅರ್ಪಿಸಿ ಗೆಳೆಯನನ್ನು ಕೇಳುತ್ತಾಳೆ. ಅವಳ ಪ್ರಯಾಣ ಮೊದಲಾಗುವುದು ಅಲ್ಲಿಂದ. (ಇದೇ ಆಂಡರ್ಸನ್ 1845ರಲ್ಲಿ ಪ್ರಕಟಿಸಿದ ‘ಕೆಂಪು ಜೋಡು’ ಕಥೆಯಲ್ಲಿ ಜೋಡಿನ ಮೇಲೆ ಆಸೆಪಟ್ಟ ಹುಡುಗಿ ಕಾಲುಗಳನ್ನೇ ಕಳೆದುಕೊಳ್ಳುತ್ತಾಳೆ. ಹೆಣ್ಣುಮಕ್ಕಳ ವಿಷಯದಲ್ಲಿ ಅವನು ಸದಾ ಉದಾರಿಯಾಗಿದ್ದನೆಂದು ಹೇಳುವಂತಿಲ್ಲ.)

ಯುರೋಪಿನ ಪ್ರಸಿದ್ಧ ಅದ್ಭುತ ಕಥೆಗಳಲ್ಲಿ ಮುಳ್ಳುಪೊದೆಯ ಹಿಂದೆ ನಿದ್ರಿಸುವವಳು ಹುಡುಗಿ, ಅವಳನ್ನು ಅರಸಿ ಬರುವವನು ರಾಜಕುಮಾರ. ಇಲ್ಲಿ ಮರಗಟ್ಟಿ ಕುಳಿತವನು ಹುಡುಗ, ನಡೆಯುವವಳು ಹುಡುಗಿ. ಕನ್ನಡ ಓದುಗರಿಗೆ ಸಾವಿತ್ರಿಯ ನೆನಪಾಗುವುದು ಸಹಜ. ಆದರೆ ಯಮನ ಬೆನ್ನುಹತ್ತಿದ ಸಾವಿತ್ರಿ ಪತ್ನಿ. ಅವಳ ನಿರ್ಭಯತೆಗೆ ಪಾತಿವ್ರತ್ಯವೆಂಬ ಆಧಾರವನ್ನು ಪರಂಪರೆಯೇ ಒದಗಿಸಿತ್ತು. ಗೆರ್ಡಾ ಕಾಯ್‌ನ ಪತ್ನಿಯಲ್ಲ, ಒಡಹುಟ್ಟಿದವಳೂ ಅಲ್ಲ. ಮಾಡಿನ ಪೆಟ್ಟಿಗೆಗಳಲ್ಲಿ ಬೆಳೆದ ಗುಲಾಬಿಯ ಕೆಳಗೆ ಒಟ್ಟಿಗೆ ಆಡಿದುದಷ್ಟೇ ಅವರಿಬ್ಬರ ಸಂಬಂಧ. ಹೋಗಬೇಕೆಂದು ಅವಳಿಗೆ ಯಾರೂ ವಿಧಿಸಿಲ್ಲ.

ಅವಳ ಧೈರ್ಯದ ರೀತಿಯೂ ಬೇರೆ. ಸಾವಿತ್ರಿಯಂತೆ ಅವಳು ವಾದಿಸಿ ಗೆಲ್ಲುವುದಿಲ್ಲ, ಕೇಳುತ್ತಾಳೆ. ಬಿಸಿಲನ್ನು ಕೇಳುತ್ತಾಳೆ, ಹೂಗಳನ್ನು ಕೇಳುತ್ತಾಳೆ, ಕಾಗೆಯನ್ನು ಕೇಳುತ್ತಾಳೆ. ಹೂಗಳು ತಮ್ಮ ತಮ್ಮ ಕಥೆಯನ್ನಷ್ಟೇ ಹೇಳುತ್ತವೆ. ಕಾಗೆಯ ಮಾತು ನಂಬಿ ಅರಮನೆಗೆ ಹೋದರೆ ಅಲ್ಲಿ ಮಲಗಿದ್ದವನು ಬೇರೊಬ್ಬ. ಇಷ್ಟು ಸಲ ತಪ್ಪು ಬಾಗಿಲು ತಟ್ಟಿದ ಮೇಲೂ ಮತ್ತೊಂದನ್ನು ತಟ್ಟುವುದು ಕತ್ತಿ ಹಿರಿಯುವುದಕ್ಕಿಂತ ಕಡಮೆಯ ಕೆಲಸವಲ್ಲ.

ಈ ಅರಸುವಿಕೆಯ ಹಿಂದೆ ಕಥೆಗಾರನ ಬಾಲ್ಯದ ನೋವೊಂದಿದೆ. ಅವನ ತಂದೆ ಓಡೆನ್ಸೆ ಪಟ್ಟಣದಲ್ಲಿ ಜೋಡು ಹೊಲಿಯುವವನಾಗಿದ್ದ. ಮಂಜುಗಟ್ಟಿದ ಕಿಟಕಿಯ ಗಾಜಿನಲ್ಲಿ ತೋಳು ಚಾಚಿದ ಹೆಣ್ಣಿನ ಆಕೃತಿಯೊಂದನ್ನು ತಂದೆ ತೋರಿಸಿದ್ದನೆಂದೂ, 1816ರಲ್ಲಿ ಅವನು ತೀರಿಕೊಂಡಾಗ ಹಿಮದ ಕನ್ನೆಯೇ ಅವನನ್ನು ಒಯ್ದಳೆಂದು ತಾಯಿ ಹೇಳಿದಳೆಂದೂ ಆಂಡರ್ಸನ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹನ್ನೊಂದು ವರ್ಷದ ಹುಡುಗನಿಗೆ ಬೆನ್ನುಹತ್ತಿ ಹೋಗಲಾರದ ದಾರಿ ಅದು.

ಕಥೆಯ ತಿರುಳು ಆರನೆಯ ಭಾಗದಲ್ಲಿದೆ. ಗೆರ್ಡಾಳನ್ನು ಉತ್ತರಕ್ಕೆ ಹೊತ್ತು ತಂದ ಹಿಮಸಾರಂಗವು ಫಿನ್ ಜನಾಂಗದ ಜಾಣೆಯೊಬ್ಬಳಲ್ಲಿ ಬೇಡುವುದು ಒಂದೇ ವರ: ಈ ಹುಡುಗಿಗೆ ಹನ್ನೆರಡು ಗಂಡಸರ ಬಲವನ್ನು ಕೊಡು. ಮುದುಕಿ ಒಪ್ಪುವುದಿಲ್ಲ. ಬರಿಗಾಲಿನಲ್ಲಿ ಇಷ್ಟು ದೂರ ಬಂದವಳಿಗೆ, ಮನುಷ್ಯರೂ ಪ್ರಾಣಿಗಳೂ ತಾವಾಗಿ ನೆರವಾದವಳಿಗೆ, ಇರುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ತಾನು ಕೊಡಲಾರೆನೆಂಬುದು ಅವಳ ಉತ್ತರದ ಭಾವ. ಪೌರುಷವನ್ನು ಅಕ್ಷರಶಃ ಬೇಡಿ, ಅದು ಬೇಕಿಲ್ಲವೆನಿಸಿಕೊಂಡ ಸನ್ನಿವೇಶವಿದು. ಇಲ್ಲಿ ‘ಗಂಡೆದೆ’ಯೆಂದು ಅನುವಾದಿಸಿದರೆ ಕಥೆ ಕೆಟ್ಟಿತು. ಎದೆಗಾರಿಕೆ ಎಂಬ ಮಾತು ಹೇಗೋ ಉಳಿದುಕೊಂಡಿದೆ. ಎದೆ ಎಲ್ಲರಿಗೂ ಉಂಟು.

ಆಕ್ಷೇಪಕ್ಕೂ ಇಲ್ಲಿ ಎಡೆಯಿದೆ. ಆ ಶಕ್ತಿಯ ನೆಲೆ ಗೆರ್ಡಾ ಮುಗ್ಧ ಮಗುವಾಗಿರುವುದರಲ್ಲಿದೆ ಎಂದೂ ಮುದುಕಿ ಹೇಳುತ್ತಾಳೆ. ಹುಡುಗನಿಗೆ ಲೆಕ್ಕ, ಹುಡುಗಿಗೆ ಕಣ್ಣೀರು ಎಂಬ ಹಳೆಯ ಹಂಚಿಕೆಯೇ ಇದಲ್ಲವೆ? ಬೆಳೆದ, ಲೋಕವನ್ನು ಕಂಡ ಹೆಣ್ಣಿಗೆ ಈ ಧೈರ್ಯ ದಕ್ಕದೆ? ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಭಾವನೆ ಕಥೆಯ ಮೇಲೆ ದಟ್ಟವಾಗಿ ಕವಿದಿದೆ. ಆದರೂ ಬಿಡುಗಡೆಯ ವಿವರವನ್ನು ನಿಧಾನವಾಗಿ ಓದಬೇಕು. ಕದನವೇ ನಡೆಯುವುದಿಲ್ಲ, ಗೆರ್ಡಾ ಅರಮನೆಯೊಳಕ್ಕೆ ಬಂದಾಗ ಹಿಮರಾಣಿ ಊರಲ್ಲೇ ಇಲ್ಲ. ಮಂಜಿನ ತುಂಡುಗಳನ್ನು ಜೋಡಿಸುತ್ತ ಕುಳಿತ ಕಾಯ್‌ನ ಎದೆಯ ಚೂರನ್ನು ಕರಗಿಸುವುದು ಗೆರ್ಡಾಳ ಕಣ್ಣೀರು. ಕಣ್ಣಿನ ಚೂರು ಮಾತ್ರ ಅದರಿಂದ ಹೋಗದು. ಅದು ಉರುಳಿ ಹೊರಬೀಳುವುದು ಹುಡುಗ ತಾನೇ ಅತ್ತಾಗ. ಅಳುವುದು ಹೆಣ್ಣಿಗೆ ಮಾತ್ರ ಸಲ್ಲುವುದೆಂದು ಕಥೆಗಾರ ಬಗೆದಿದ್ದರೆ ಕಾಯ್ ಅರ್ಧ ಕುರುಡನಾಗಿಯೇ ಉಳಿಯುತ್ತಿದ್ದ. ಈ ಕಥೆಯಿಂದ ಪ್ರೇರಿತವಾಗಿ 2013ರಲ್ಲಿ ತೆರೆಗೆ ಬಂದ ‘ಫ್ರೋಜನ್’ ಚಿತ್ರದಲ್ಲಿ ಅರಸುವವಳೂ ಹಿಮದ ರಾಣಿಯೂ ತಂಗಿ ಅಕ್ಕಂದಿರಾಗಿದ್ದಾರೆ. ಆ ಬದಲಾವಣೆಗೆ ಅದರದೇ ಸೊಗಸಿದೆ. ಅಳುವುದನ್ನು ಕಲಿತ ಈ ಹುಡುಗ ಮಾತ್ರ ಅಲ್ಲಿಲ್ಲ.

ಮುಗ್ಧತೆಯೊಂದೇ ಹೆಣ್ಣಿನ ಬಲವಲ್ಲವೆಂಬುದಕ್ಕೆ ಕಥೆಯೊಳಗೇ ಸಾಕ್ಷಿಯಾಗಿ ನಿಲ್ಲುವವಳು ದರೋಡೆಗಾರರ ಹುಡುಗಿ. ತಾಯಿಯ ಕಿವಿ ಕಚ್ಚುವವಳು, ಪಕ್ಕದಲ್ಲಿ ಚೂರಿಯಿಟ್ಟುಕೊಂಡು ಮಲಗುವವಳು, ಕಟ್ಟಿಹಾಕಿದ ಹಿಮಸಾರಂಗವನ್ನು ಹೆದರಿಸಿ ನಗುವವಳು. ಅದೇ ಕೈಯಿಂದ ಹಗ್ಗ ಬಿಚ್ಚಿ, ಅದರ ಬೆನ್ನಿಗೆ ಗೆರ್ಡಾಳನ್ನು ಏರಿಸಿ, ತಾಯಿಯ ದೊಡ್ಡ ಕೈಚೀಲಗಳನ್ನು ಚಳಿಗೆಂದು ತೊಡಿಸಿ ಕಳುಹಿಸುತ್ತಾಳೆ. ಕನ್ನಡದಲ್ಲಿ ಇಂಥವಳಿಗೆ ಸಿದ್ಧವಾಗಿರುವ ಮಾತು ‘ಗಂಡುಬೀರಿ’, ಅದು ಹೊಗಳಿಕೆಯಲ್ಲ. ಆ ಮಾತನ್ನು ಅವಳಿಗೆ ಅಂಟಿಸಿದೊಡನೆ ಮಕ್ಕಳು ಅವಳನ್ನು ಕೆಟ್ಟವಳೆಂದು ಬಗೆಯುತ್ತಾರೆ. ಆಂಡರ್ಸನ್ ಹಾಗೆ ಬಗೆದಿರಲಿಲ್ಲ.

ಕಥೆಯ ಕೊನೆಗೆ ಅವಳು ಮತ್ತೆ ಬರುತ್ತಾಳೆ. ತಲೆಗೆ ಕೆಂಪು ಟೊಪ್ಪಿಗೆ, ಮುಂದೆ ಪಿಸ್ತೂಲು, ಏರಿದ ಕುದುರೆ. ಕೈಹಿಡಿದು ಮನೆಗೆ ನಡೆಯುತ್ತಿದ್ದ ಇಬ್ಬರನ್ನೂ ತಡೆದು ಅವಳು ಪ್ರಶ್ನಿಸುವುದು ಕಾಯ್‌ನನ್ನು: ಇಷ್ಟು ದೂರ ಒಬ್ಬಳು ಓಡಿಬರಲು ಅವನು ಯೋಗ್ಯನೇ ಎಂದು. ಅವನು ಉತ್ತರ ಕೊಡುವುದಿಲ್ಲ. ಗೆರ್ಡಾ ಅವಳ ಕೆನ್ನೆ ಸವರಿ ಮಾತು ಬದಲಿಸುತ್ತಾಳೆ. ದರೋಡೆಗಾರರ ಹುಡುಗಿ ಕುದುರೆಯನ್ನು ತಿರುಗಿಸಿ ವಿಶಾಲವಾದ ಲೋಕದೊಳಕ್ಕೆ ಹೊರಟುಹೋಗುತ್ತಾಳೆ.