ಅಟ್ಟದ ಮೇಲಿನ ಔಷಧಿ

ಜೂನ್, ಜುಲೈ, ಆಗಸ್ಟ್. ನಮ್ಮಲ್ಲಿ ಮಳೆ ಹಿಡಿದು ಕೂರುವ ಈ ತಿಂಗಳುಗಳಲ್ಲಿ ನ್ಯೂಜಿಲೆಂಡಿನಲ್ಲಿ ಚಳಿಗಾಲ. ಕೆನಡಾ, ರಷ್ಯಾಗಳ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ಆಕ್ಲೆಂಡಿನಲ್ಲಿ ನಾಲ್ಕು ಚೂರು ಹಿಮ ಬಿದ್ದರೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಆದರೂ ಯುರೋಪಿನ ಕಡುಚಳಿಯಿಂದ ಅಲ್ಲಿಗೆ ಹೋದವರ ಗೊಣಗಾಟ ಒಂದೇ: ಇಷ್ಟು ಚಳಿಯ ಮನೆಗಳಲ್ಲಿ ನಾವು ಯಾವತ್ತೂ ಇದ್ದಿಲ್ಲ!

ಅದು ಬರಿಯ ಗೊಣಗಾಟವಲ್ಲ. ಕಟ್ಟಡ ಸಂಶೋಧನಾ ಸಂಸ್ಥೆ ‘ಬ್ರಾಂಜ್’ ಸುಮಾರು 400 ಮನೆಗಳಲ್ಲಿ ಉಷ್ಣಮಾಪಕ ಇಟ್ಟು ಅಳೆಯಿತು. ಚಳಿಗಾಲದ ಸಂಜೆ, ಮನೆಮಂದಿಯೆಲ್ಲ ಕೂಡುವ ಹಜಾರದಲ್ಲಿ ಸರಾಸರಿ 17.9 ಡಿಗ್ರಿ. ರಾತ್ರಿ ಮಲಗುವ ಕೋಣೆಯಲ್ಲಿ 14 ಡಿಗ್ರಿಗೂ ಕಡಿಮೆ. ಬೆಂಗಳೂರಿಗರು ಡಿಸೆಂಬರಿನ ನಸುಕಿನಲ್ಲಿ ಮಫ್ಲರ್ ಸುತ್ತಿಕೊಂಡು ಹಾಲು ತರಲು ಹೊರಟಾಗ ಬೀದಿಯಲ್ಲಿರುವುದು ಸುಮಾರು 15-16 ಡಿಗ್ರಿ. ನ್ಯೂಜಿಲೆಂಡಿನ ಮಕ್ಕಳು ಬಾಗಿಲು, ಕಿಟಕಿ ಭದ್ರಪಡಿಸಿಕೊಂಡು ಅದಕ್ಕಿಂತ ತಣ್ಣಗಿನ ಕೋಣೆಯಲ್ಲಿ ಮಲಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ.

ತಪ್ಪು ಮನೆ ಕಟ್ಟಿದ ಬಗೆಯಲ್ಲಿತ್ತು. ಮರದ ಚೌಕಟ್ಟು, ಅದಕ್ಕೆ ಹೊರಗಿನಿಂದ ಹಲಗೆ, ಒಳಗಿನಿಂದ ತೆಳುವಾದ ಬೋರ್ಡು, ನಡುವೆ ಖಾಲಿ. ಮೇಲೆ ತಗಡಿನ ಶೀಟು. ಕೆಳಗೆ ಗಿಡ್ಡ ಕಂಬಗಳ ಮೇಲೆ ಎತ್ತಿ ಕೂರಿಸಿದ ಹಲಗೆ ನೆಲ, ಅದರಡಿ ಗಾಳಿ ಸುಳಿಯುವ ಜಾಗ, ಅದರಡಿ ಹಸಿ ಮಣ್ಣು. 1937ರಲ್ಲಿ ವೆಲ್ಲಿಂಗ್ಟನ್ನಿನ ಮಿರಮಾರ್‌ನಲ್ಲಿ ಲೇಬರ್ ಸರ್ಕಾರದ ಮೊದಲ ಬಾಡಿಗೆ ಮನೆಯ ಗೃಹಪ್ರವೇಶ ನಡೆದಾಗ ಪ್ರಧಾನಿ ಮೈಕೆಲ್ ಜೋಸೆಫ್ ಸ್ಯಾವೇಜ್ ಸ್ವತಃ ಊಟದ ಮೇಜು ಹೊತ್ತು ಒಳಗಿಟ್ಟರು. ಬಡವರಿಗೂ ಗಟ್ಟಿಮುಟ್ಟಾದ ಮನೆ ಎಂಬುದು ಆ ಸರ್ಕಾರದ ಹೆಮ್ಮೆ. ಮನೆಗಳು ಗಟ್ಟಿಯಾಗಿಯೇ ಇದ್ದವು. ಹಲವು ಇವತ್ತಿಗೂ ನಿಂತಿವೆ. ಗೋಡೆಯ ನಡುವೆಯಾಗಲಿ ಅಟ್ಟದ ಮೇಲಾಗಲಿ ಶಾಖ ತಡೆಯುವ ಪದರ ಮಾತ್ರ ಇರಲಿಲ್ಲ. ಚಳಿಯಾದರೆ ಇನ್ನೊಂದು ಸ್ವೆಟರ್ ಹಾಕಿಕೋ ಎಂದು ಮಕ್ಕಳಿಗೆ ಹೇಳುವುದೇ ಅಲ್ಲಿ ಸಂಸ್ಕಾರ. ಹೀಟರ್ ಹಚ್ಚುವುದು ಸ್ವಲ್ಪ ನಾಚಿಕೆಯ ವಿಷಯ. 1982ರಲ್ಲಿ ಏಳು ಕೋಟಿ ಕುರಿಗಳಿದ್ದ, ಅಂದರೆ ತಲೆಗೆ ಇಪ್ಪತ್ತಕ್ಕೂ ಹೆಚ್ಚು ಕುರಿ ಬೀಳುತ್ತಿದ್ದ ದೇಶ ತನ್ನ ಹಳೆಯ ಮನೆಗಳಿಗೆ ಉಣ್ಣೆ ಹೊದಿಸುವ ಯೋಚನೆ ಮಾಡಿರಲಿಲ್ಲ.

ಇನ್ಸುಲೇಷನ್, ಅಂದರೆ ಈ ಶಾಖ ತಡೆಯುವ ಪದರ, ಮಾಡುವುದೂ ಕಂಬಳಿಯ ಕೆಲಸವನ್ನೇ. ಕಂಬಳಿ ತಾನಾಗಿ ಬಿಸಿಯಲ್ಲ. ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತದೆ, ನಿಂತ ಗಾಳಿ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಗಾಜನ್ನು ಕರಗಿಸಿ ಎಳೆ ತೆಗೆದ ಗ್ಲಾಸ್‌ವುಲ್, ಪಾಲಿಯೆಸ್ಟರ್, ಕುರಿಯ ಉಣ್ಣೆ, ಯಾವುದಾದರೂ ಸರಿ, ನಡೆಯುವುದು ಇಷ್ಟೇ. ನ್ಯೂಜಿಲೆಂಡಿನಲ್ಲಿ ಮನೆಮಾತಾದದ್ದು ‘ಪಿಂಕ್ ಬ್ಯಾಟ್ಸ್’ ಎಂಬ ಗುಲಾಬಿ ಬಣ್ಣದ ಗ್ಲಾಸ್‌ವುಲ್ ದಪ್ಪ ಹಾಳೆಗಳು.

1973ರ ತೈಲ ಬಿಕ್ಕಟ್ಟು ಬಂದ ಮೇಲೆ ಸರ್ಕಾರದ ಕಣ್ಣು ಮನೆಗಳ ಕಡೆ ಹೊರಳಿತು. 1979ರಲ್ಲಿ ಖಾಸಗಿ ಕಾರುಗಳು ವಾರಕ್ಕೊಂದು ದಿನ ರಸ್ತೆಗಿಳಿಯಬಾರದೆಂದು ಕಾನೂನು ಮಾಡಿದ ದೇಶ ಅದು. ಅದಕ್ಕೂ ಮೊದಲೇ, 1978ರ ಏಪ್ರಿಲ್‌ನಿಂದ, ಹೊಸದಾಗಿ ಕಟ್ಟುವ ಮನೆಗಳಿಗೆ ಇನ್ಸುಲೇಷನ್ ಕಡ್ಡಾಯವಾಯಿತು. ಉದ್ದೇಶ ಇಂಧನ ಉಳಿಸುವುದು. ಆರೋಗ್ಯದ ಸುದ್ದಿ ಎಲ್ಲೂ ಇರಲಿಲ್ಲ. ಹಳೆಯ ಮನೆಗಳಿಗೆ ಈ ನಿಯಮ ಅನ್ವಯಿಸಲಿಲ್ಲ. ಬಡವರು, ಮಾವೊರಿಗಳು, ಸಮೋವಾ-ಟೊಂಗಾ ದ್ವೀಪಗಳಿಂದ ದುಡಿಯಲು ಬಂದವರು, ಹೊಸ ವಲಸಿಗರು, ವಯಸ್ಸಾದವರು ಹೆಚ್ಚಾಗಿ ಇದ್ದದ್ದು ಆ ಹಳೆಯ ಮನೆಗಳಲ್ಲೇ.

ಅಲ್ಲಿ ಇಡೀ ಮನೆ ಬೆಚ್ಚಗಿಡುವ ಶಕ್ತಿ ಇಲ್ಲದವರು ಒಂದೇ ಕೋಣೆಯಲ್ಲಿ ಸೇರುತ್ತಾರೆ. ಚಕ್ರವಿರುವ ಗ್ಯಾಸ್ ಹೀಟರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅದಕ್ಕೆ ಹೊಗೆಕೊಳವೆ ಇಲ್ಲ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಕೋಣೆಗೇ ಸೇರುತ್ತದೆ, ಜೊತೆಗೆ ಶ್ವಾಸಕೋಶಕ್ಕೆ ಕೆರಳಿಕೆ ತರುವ ನೈಟ್ರೋಜನ್ ಡೈಆಕ್ಸೈಡ್. ಒಣಗದ ಬಟ್ಟೆಯೂ ಒಳಗೇ ಹರವಿದೆ. ಆ ಆವಿಯೆಲ್ಲ ಹೋಗಿ ತಣ್ಣಗಿನ ಗೋಡೆಗೆ, ಕಿಟಕಿ ಗಾಜಿಗೆ ತಾಗಿ ಹನಿಯಾಗುತ್ತದೆ. ಮಂಚದ ಹಿಂದೆ, ಬೀರುವಿನೊಳಗೆ ಕಪ್ಪು ಬೂಷ್ಟು. ಆ ಬೂಷ್ಟಿನ ಪಕ್ಕದಲ್ಲೇ ಉಬ್ಬಸದ ಮಗು.

ಇದನ್ನು ಕಂಡವರು ಬಹಳ ಮಂದಿ. ಲೆಕ್ಕ ಇಡಲು ಹೊರಟವರು ಒಟಾಗೊ ವಿಶ್ವವಿದ್ಯಾಲಯದ ವೆಲ್ಲಿಂಗ್ಟನ್ ವಿಭಾಗದ ಫಿಲಿಪ್ಪ ಹೌಡೆನ್-ಚಾಪ್ಮನ್ ಮತ್ತವರ ತಂಡ. ಚಳಿಮನೆಗೂ ಕಾಯಿಲೆಗೂ ನಂಟಿದೆ ಎಂದರೆ ಅಧಿಕಾರಿಗಳ ಬಳಿ ಉತ್ತರ ಸಿದ್ಧವಿತ್ತು: ಚಳಿಮನೆಯಲ್ಲಿರುವವರು ಬಡವರು, ಕಾಯಿಲೆ ಬರುವುದು ಬಡತನದಿಂದ, ಮನೆಯಿಂದ ಎಂದು ಹೇಗೆ ಹೇಳುತ್ತೀರಿ? ಆ ವಾದವನ್ನು ಮುರಿಯಲು ಒಂದೇ ದಾರಿ. ಹೊಸ ಔಷಧಿಯನ್ನು ಹೇಗೆ ಪರೀಕ್ಷಿಸುತ್ತಾರೋ ಹಾಗೆ ಮನೆಯನ್ನೂ ಪರೀಕ್ಷಿಸುವುದು. ಅರ್ಧ ಜನಕ್ಕೆ ಕೊಡುವುದು, ಅರ್ಧ ಜನಕ್ಕೆ ಕೊಡದಿರುವುದು, ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ಬಿಡುವುದು.

ಮಾತ್ರೆಯಾದರೆ ಬೇರೆ. ಚಳಿಯಲ್ಲಿ ನಡುಗುವ ಕುಟುಂಬಕ್ಕೆ ‘ನಿಮಗೆ ಇಲ್ಲ’ ಎನ್ನುವುದು ಹೇಗೆ? ತಂಡ ಕಂಡುಕೊಂಡ ಉಪಾಯ ಸರಳವಾಗಿತ್ತು: ಎಲ್ಲರಿಗೂ ಕೊಡುತ್ತೇವೆ, ಅರ್ಧ ಜನಕ್ಕೆ ಒಂದು ಚಳಿಗಾಲ ತಡವಾಗಿ. ಕಡಿಮೆ ಆದಾಯದ ಏಳು ಊರು-ಬಡಾವಣೆಗಳಲ್ಲಿ 1,350 ಮನೆಗಳು, 4,407 ಜನ. ಪ್ರತಿ ಮನೆಯಲ್ಲೂ ಉಸಿರಾಟದ ತೊಂದರೆಯಿರುವ ಒಬ್ಬರಾದರೂ ಇದ್ದರು. 2001ರ ಚಳಿಗಾಲದಲ್ಲಿ ಎಲ್ಲರ ಸ್ಥಿತಿ ದಾಖಲಾಯಿತು. ಆಮೇಲೆ ಅರ್ಧ ಮನೆಗಳ ಅಟ್ಟಕ್ಕೆ ಹೊದಿಕೆ, ನೆಲದಡಿ ಪದರ, ಹಸಿ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ, ಗಾಳಿ ನುಗ್ಗುವ ಸಂದುಗಳಿಗೆ ಮುಚ್ಚಿಗೆ. 2002ರ ಚಳಿಗಾಲದಲ್ಲಿ ಮತ್ತೆ ಅಳತೆ. ಆಮೇಲೆ ಉಳಿದವರ ಮನೆಗಳಿಗೂ ಕೆಲಸಗಾರರು ಬಂದರು.

ಫಲಿತಾಂಶ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೊದಲ ಸಾಲು ಓದಿದವರಿಗೆ ನಿರಾಸೆಯೇ ಆಗಿರಬೇಕು. ಮಲಗುವ ಕೋಣೆಯ ಉಷ್ಣಾಂಶ ಏರಿದ್ದು ಅರ್ಧ ಡಿಗ್ರಿ. ಅಷ್ಟೇ. ಆದರೆ ಕೋಣೆ 10 ಡಿಗ್ರಿಗಿಂತ ಕೆಳಗಿಳಿದು ಕೊರೆಯುತ್ತಿದ್ದ ಹೊತ್ತು ದಿನಕ್ಕೆ 1.7 ಗಂಟೆ ಕಡಿಮೆಯಾಗಿತ್ತು, ಗಾಳಿಯ ತೇವ ಇಳಿದಿತ್ತು. ಮಕ್ಕಳು ಶಾಲೆ ತಪ್ಪಿಸುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಎದೆ ಸುಯ್ಯೆನ್ನುವ ದೂರು ಕಡಿಮೆ, ದೊಡ್ಡವರು ಕೆಲಸಕ್ಕೆ ರಜೆ ಹಾಕುವುದು ಕಡಿಮೆ, ಡಾಕ್ಟರ ಬಾಗಿಲು ತಟ್ಟುವುದು ಕಡಿಮೆ. ಆಸ್ಪತ್ರೆಗೆ ದಾಖಲಾಗುವುದೂ ಕಡಿಮೆಯಾದಂತೆ ಕಂಡಿತು, ಆದರೆ ಸಂಖ್ಯಾಶಾಸ್ತ್ರ ಒಪ್ಪುವಷ್ಟು ಖಚಿತವಾಗಿ ಅಲ್ಲ ಎಂದು ಸಂಶೋಧಕರೇ ಬರೆದರು. ಆ ಪ್ರಾಮಾಣಿಕತೆಯೇ ಉಳಿದ ಅಂಕಿಗಳಿಗೆ ಬಲ ಕೊಟ್ಟಿತು ಎಂದು ನನ್ನ ಅನಿಸಿಕೆ. ಆದರೂ ಒಂದು ಸಂಶಯ: ತಮ್ಮ ಮನೆಗೆ ಹೊದಿಕೆ ಬಂದಿರುವುದು ಜನಕ್ಕೆ ಗೊತ್ತಿರುವಾಗ ‘ಈಗ ಪರವಾಗಿಲ್ಲ’ ಎಂಬ ಉತ್ತರದಲ್ಲಿ ಒಂದಿಷ್ಟು ಉಪಕಾರಸ್ಮರಣೆಯೂ ಬೆರೆತಿರಬಹುದಲ್ಲ?

ಅದೇ ತಂಡ ಮುಂದೆ ಉಬ್ಬಸವಿರುವ 409 ಮಕ್ಕಳ ಮನೆಗಳಲ್ಲಿ ಇದೇ ಬಗೆಯ ಪ್ರಯೋಗ ಮಾಡಿ, ಹಳೆಯ ಹೀಟರ್ ಬದಲು ಹೊಗೆ ಒಳಗೆ ಬಿಡದ ಹೀಟರ್ ಹಾಕಿಸಿ ನೋಡಿತು. ಊದಿ ಅಳೆಯುವ ಪರೀಕ್ಷೆಯಲ್ಲಿ ಶ್ವಾಸಕೋಶದ ಶಕ್ತಿ ಗಮನಾರ್ಹವಾಗಿ ಏರಲಿಲ್ಲ. ಕೆಮ್ಮು, ಎದೆಯ ಸುಯ್ಯಾಟ, ಶಾಲೆಯ ಗೈರುಹಾಜರಿ ಮಾತ್ರ ಇಳಿದವು.

ಅಂಕಿಗಳಿದ್ದರೆ ಸಾಲದು, ಹಣ ಬೇಕು. ಹಣ ಬಂದ ಕಥೆ ರಾಜಕೀಯ. 2008ರಲ್ಲಿ ಲೇಬರ್ ಸರ್ಕಾರ ಇಂಗಾಲ ವ್ಯಾಪಾರದ ಮಸೂದೆಗೆ ಗ್ರೀನ್ ಪಕ್ಷದ ಬೆಂಬಲ ಪಡೆಯಲು ಮನೆಗಳ ಇನ್ಸುಲೇಷನ್‌ಗೆ ನೂರು ಕೋಟಿ ಡಾಲರ್ ನಿಧಿಯ ಮಾತು ಕೊಟ್ಟಿತು. ವರ್ಷದ ಕೊನೆಯಲ್ಲಿ ಗೆದ್ದು ಬಂದ ನ್ಯಾಷನಲ್ ಪಕ್ಷ ಅದನ್ನು ಕಸದ ಬುಟ್ಟಿಗೆ ಹಾಕಿತು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತ ಬಂತು, ಕಟ್ಟಡ ಕೆಲಸಗಾರರು ಕೈಕಟ್ಟಿ ಕೂತರು. ಗ್ರೀನ್ ಪಕ್ಷದ ಜೆನೆಟ್ ಫಿಟ್ಸೈಮನ್ಸ್ ಬಿಡದೆ ಮಾತುಕತೆಗೆ ಕೂತರು. ಕೊನೆಗೆ 2009ರ ಬಜೆಟ್‌ನಲ್ಲಿ ಬೇರೆ ಹೆಸರಿನಲ್ಲಿ, ಸಣ್ಣ ಗಾತ್ರದಲ್ಲಿ ಅದೇ ಯೋಜನೆ ಎದ್ದು ಬಂತು: ನಾಲ್ಕು ವರ್ಷಕ್ಕೆ ಸುಮಾರು 32 ಕೋಟಿ ಡಾಲರ್. 2000ಕ್ಕೆ ಮುಂಚೆ ಕಟ್ಟಿದ ಮನೆಗಳಿಗೆ ಮೂರನೇ ಒಂದು ಪಾಲು ವೆಚ್ಚ, ಬಡವರಿಗೆ 60%. ಸೈದ್ಧಾಂತಿಕವಾಗಿ ಮುಖ ನೋಡದ ಎರಡು ಪಕ್ಷಗಳು ಅಟ್ಟದ ಮೇಲೆ ಕೈಕುಲುಕಿದವು!

ಅದೇ ವರ್ಷ ನೆರೆಯ ಆಸ್ಟ್ರೇಲಿಯ ಕೂಡ ಇಂಥದೇ ಯೋಜನೆಯನ್ನು ಅವಸರದಲ್ಲಿ ಶುರುಮಾಡಿ ಕೈ ಸುಟ್ಟುಕೊಂಡಿತು. ತರಬೇತಿಯಿಲ್ಲದ ಹುಡುಗರನ್ನು ಅಟ್ಟ ಹತ್ತಿಸಿದರು. ಶಾಖ ತಡೆಯಲು ಹಾಸುವ ಅಲ್ಯೂಮಿನಿಯಂ ಹಾಳೆಗೆ ಲೋಹದ ಪಿನ್ನು ಹೊಡೆಯುವಾಗ ಅದು ವಿದ್ಯುತ್ ತಂತಿಗೆ ತಗುಲಿದರೆ ಇಡೀ ಹಾಳೆಯೇ ಕರೆಂಟು. ಕೆಲವೇ ತಿಂಗಳಲ್ಲಿ ನಾಲ್ವರು ಯುವಕರು ಸತ್ತರು, ಮೂವರು ವಿದ್ಯುತ್ ತಗುಲಿ, ಒಬ್ಬ ಅಟ್ಟದ ಧಗೆಗೆ. 2010ರ ಫೆಬ್ರುವರಿಯಲ್ಲಿ ಯೋಜನೆ ನಿಂತಿತು, ಮುಂದೆ ರಾಯಲ್ ಕಮಿಷನ್ ತನಿಖೆಯೂ ಆಯಿತು. ನ್ಯೂಜಿಲೆಂಡಿನಲ್ಲಿ ಮನೆಗಳಿಗೆ ಆ ಹಾಳೆ ಹೊಡೆಯುವುದಕ್ಕೆ ನಿಷೇಧ ಬಂದದ್ದು 2016ರಲ್ಲಿ.

2012ರಲ್ಲಿ ಅರ್ಥಶಾಸ್ತ್ರಜ್ಞರು ನ್ಯೂಜಿಲೆಂಡಿನ ಯೋಜನೆಯ ಲಾಭ-ನಷ್ಟ ಬಿಡಿಸಿಟ್ಟರು. ಈ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಕಾಗದ ಅದು. ಖರ್ಚು ಮಾಡಿದ ಒಂದು ಡಾಲರಿಗೆ ಸುಮಾರು ನಾಲ್ಕು ಡಾಲರ್ ಪ್ರಯೋಜನ. ಇಂಧನ ಉಳಿಸುವ ಪ್ರಾಧಿಕಾರ ನಡೆಸಿದ ಯೋಜನೆಯಲ್ಲವೇ, ವಿದ್ಯುತ್ ಎಷ್ಟು ಉಳಿಯಿತು ಎಂದು ನೋಡಿದರೆ ಮೀಟರಿನಲ್ಲಿ ಒಂದು ಶೇಕಡಾದಷ್ಟು! ಪ್ರಯೋಜನದಲ್ಲಿ 99% ಆರೋಗ್ಯದ್ದು. ಅದರಲ್ಲೂ ದೊಡ್ಡ ಪಾಲು ವಯಸ್ಸಾದವರದು: ಹೃದಯ, ರಕ್ತನಾಳದ ಕಾಯಿಲೆಗೆ ಒಮ್ಮೆ ಆಸ್ಪತ್ರೆ ಸೇರಿ ಬಂದಿದ್ದ 65 ದಾಟಿದವರಲ್ಲಿ ಸಾವು ಕಡಿಮೆಯಾಗಿತ್ತು. ಚಳಿಯಲ್ಲಿ ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ. ಈಗಾಗಲೇ ಸೋತ ಹೃದಯಕ್ಕೆ ಅಷ್ಟು ಸಾಕು.

ವಿದ್ಯುತ್ ಯಾಕೆ ಉಳಿಯಲಿಲ್ಲ? ಹೀಟರನ್ನೇ ಹಚ್ಚದವನ ಮನೆಯಲ್ಲಿ ಉಳಿಸಲು ಏನಿದೆ? ಅವನು ಮೊದಲು ಕೊಡುತ್ತಿದ್ದ ಬಿಲ್ಲನ್ನೇ ಕೊಟ್ಟು ಈಗ ಬೆಚ್ಚಗಿದ್ದ. 2001ರ ಪ್ರಯೋಗದ ಮನೆಗಳಲ್ಲಿ ಇಂಧನ ಬಳಕೆ 19% ಕಡಿಮೆ ಕಂಡಿತ್ತು ನಿಜ. ದೇಶದಾದ್ಯಂತ ಮೀಟರ್ ಓದಿದಾಗ ಆ ಉಳಿತಾಯ ಮಾಯವಾಗಿತ್ತು. ಇಂಧನ ಇಲಾಖೆಯವರು ಇದನ್ನು ಸೋಲೆಂದು ಎಣಿಸಬಹುದಿತ್ತು. ಆರೋಗ್ಯದ ಖಾತೆಯ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದುವವರು ಇದ್ದದ್ದರಿಂದ ಯೋಜನೆ ಬದುಕಿತು. 2014ರ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಹೌಡೆನ್-ಚಾಪ್ಮನ್ ತಂಡಕ್ಕೇ ಬಂತು.

ಸಬ್ಸಿಡಿ ತೆಗೆದುಕೊಂಡವರು ಹೆಚ್ಚಾಗಿ ಸ್ವಂತ ಮನೆಯವರು. ಬಾಡಿಗೆಗೆ ಕೊಡುವವನಿಗೆ ಅದರಿಂದೇನು? ಹೊದಿಕೆಯ ಖರ್ಚು ಅವನದು, ಬೆಚ್ಚನೆ ನಿದ್ದೆ ಬಾಡಿಗೆದಾರನದು. 2014ರಲ್ಲಿ ಆಕ್ಲೆಂಡಿನ ಓಟಾರಾದಲ್ಲಿ ಸರ್ಕಾರಿ ಬಾಡಿಗೆ ಮನೆಯೊಂದರ ಎರಡು ವರ್ಷದ ಹೆಣ್ಣುಮಗು ಸತ್ತಿತು. ತಣ್ಣಗೆ, ಒದ್ದೆಯಾಗಿದ್ದ ಆ ಮನೆಯ ಸ್ಥಿತಿಯೂ ಸಾವಿಗೆ ಕಾರಣಗಳಲ್ಲಿ ಒಂದಾಗಿರಬಹುದೆಂದು ಮರುವರ್ಷ ಮರಣವಿಚಾರಣಾಧಿಕಾರಿ ಹೇಳಿದಾಗ ದೇಶ ಬೆಚ್ಚಿತು. ಮನೆ ಖಾಸಗಿಯವರದ್ದಲ್ಲ, ಸರ್ಕಾರದ್ದೇ. 2016ರಲ್ಲಿ ಬಾಡಿಗೆ ಕಾನೂನು ತಿದ್ದಿ, 2019ರ ಜುಲೈ 1ರೊಳಗೆ ಅಟ್ಟ ಮತ್ತು ನೆಲದಡಿ ಇನ್ಸುಲೇಷನ್ ಇರಲೇಬೇಕೆಂದರು. 2017ರ ‘ಹೆಲ್ದಿ ಹೋಮ್ಸ್’ ಕಾಯ್ದೆ ಇನ್ನಷ್ಟು ಬಿಗಿ: ಹಜಾರವನ್ನು 18 ಡಿಗ್ರಿಗೆ ಏರಿಸಬಲ್ಲ ಹೀಟರ್, ಅಡುಗೆಮನೆ-ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್, ನೆಲದಡಿ ತೇವ ತಡೆಯುವ ಹಾಳೆ, ಸಂದುಗಳಿಗೆ ಮುಚ್ಚಿಗೆ. ಮನೆಮಾಲೀಕರು ಬಾಡಿಗೆ ಏರುತ್ತದೆ ಎಂದು ಹೆದರಿಸಿದರು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ ಖಾಸಗಿ ಬಾಡಿಗೆ ಮನೆಗಳೆಲ್ಲಕ್ಕೂ 2025ರ ಜುಲೈ 1 ಕೊನೆಯ ದಿನವಾಯಿತು.

ಈ ನಡುವೆ ಆರೋಗ್ಯ ಇಲಾಖೆ 2013ರಲ್ಲಿ ಇನ್ನೊಂದು ತುದಿಯಿಂದ ಬಂತು. ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆತುಹೋದ ಸಂಧಿವಾತ ಜ್ವರ, ಅಂದರೆ ಗಂಟಲು ಬೇನೆಯಿಂದ ಶುರುವಾಗಿ ಹೃದಯದ ಕವಾಟಕ್ಕೆ ಏಟು ಹಾಕುವ ರೂಮ್ಯಾಟಿಕ್ ಫೀವರ್, ಇಕ್ಕಟ್ಟಿನ ಮನೆಗಳ ಮಾವೊರಿ ಮತ್ತು ದ್ವೀಪದ ಮಕ್ಕಳಲ್ಲಿ ಉಳಿದುಕೊಂಡಿತ್ತು. ಮಗುವನ್ನು ನೋಡಿದ ನರ್ಸ್ ಔಷಧಿಯ ಜೊತೆ ಮನೆಗೂ ಚೀಟಿ ಬರೆಯುವ ವ್ಯವಸ್ಥೆ ಬಂತು: ಇನ್ಸುಲೇಷನ್, ಹೀಟರ್, ಪ್ರತ್ಯೇಕ ಹಾಸಿಗೆ, ದಪ್ಪ ಪರದೆ. ಪರದೆಗೆಂದೇ ವೆಲ್ಲಿಂಗ್ಟನ್ನಿನಂಥ ಊರುಗಳಲ್ಲಿ ‘ಕರ್ಟನ್ ಬ್ಯಾಂಕ್’ಗಳಿವೆ. ಉಳ್ಳವರು ಕೊಟ್ಟ ಹಳೆಯ ಪರದೆಗಳನ್ನು ಅಳತೆಗೆ ಕತ್ತರಿಸಿ, ಅಸ್ತರ್ ಹೊಲಿದು ಕೊಡುತ್ತಾರೆ. ಒಂಟಿ ಗಾಜಿನ ಕಿಟಕಿಯಿಂದ ಸೋರುವ ಶಾಖಕ್ಕೆ ಇದು ಅಗ್ಗದ ತಡೆ.

ಆಕ್ಲೆಂಡಿಗೆ ಓದಲು, ದುಡಿಯಲು ಹೋಗಿ ಬಾಡಿಗೆ ಮನೆ ಹಿಡಿಯುವ ನಮ್ಮವರ ಕೈಗೂ ಈಗ ಕರಾರುಪತ್ರದ ಜೊತೆ ಮನೆಮಾಲೀಕ ಸಹಿ ಹಾಕಿದ ಇನ್ಸುಲೇಷನ್ ವಿವರ ಸಿಗಬೇಕು. ಅಟ್ಟದ ಮೇಲಿನ ಹಳೆಯ ಹೊದಿಕೆ ಕನಿಷ್ಠ 120 ಮಿಲಿಮೀಟರ್ ದಪ್ಪ ಇರಬೇಕು. ಸುಳ್ಳು ಬರೆದಿದ್ದರೆ, ಹೊದಿಕೆ ಕುಸಿದಿದ್ದರೆ, ಬಾಡಿಗೆ ನ್ಯಾಯಮಂಡಳಿಗೆ ದೂರು ಕೊಡಬಹುದು. ಮಾಲೀಕನಿಗೆ 7,200 ಡಾಲರ್‌ವರೆಗೆ ದಂಡ ಬೀಳಬಹುದು. ಆದರೆ ಅಟ್ಟದ ಮೇಲೆ ಏನಿದೆ ಎಂದು ಬಾಡಿಗೆದಾರನೇ ತಿಳಿದುಕೊಳ್ಳಬೇಕು, ದೂರನ್ನೂ ಬಹುತೇಕ ಅವನೇ ಒಯ್ಯಬೇಕು, ಅದೂ ಅದೇ ಮನೆಯಲ್ಲಿ ಇದ್ದುಕೊಂಡು. ವೀಸಾ ನವೀಕರಣಕ್ಕೆ ಕಾಯುತ್ತಿರುವವನು, ಹಿಂದಿನ ಮಾಲೀಕನ ಒಳ್ಳೆಯ ಮಾತಿಲ್ಲದೆ ಮುಂದಿನ ಮನೆ ಸಿಗದವನು ಎಷ್ಟರಮಟ್ಟಿಗೆ ಆ ಬಾಗಿಲು ತಟ್ಟಿಯಾನು?